ಹೆಲ್ಮೆಟ್ ಕೊನೆಗೆ, ಯೋಚನೆ ಮೊದಲು

ಯಾವ ಕಾರ್ಖಾನೆಯ ಗೇಟಿಗೆ ಹೋದರೂ ಒಂದು ಹಸಿರು ಬೋರ್ಡ್ ಕಾಣಿಸುತ್ತದೆ: ‘ಸುರಕ್ಷತೆಯೇ ಮೊದಲು’. ಪಕ್ಕದಲ್ಲಿ ಹಳದಿ ಹೆಲ್ಮೆಟ್ ಹಾಕಿ ನಗುವ ಕಾರ್ಮಿಕನ ಚಿತ್ರ. ಇದನ್ನು ನೋಡಿ ನೋಡಿ, ಸುರಕ್ಷತೆ ಅಂದರೆ ಹೆಲ್ಮೆಟ್, ಶೂ, ಗ್ಲೌಸ್ ಅಷ್ಟೇ ಅನ್ನುವಂತಾಗಿದೆ. ಅವಘಡವಾದರೆ ‘ಅವನೇ ಎಚ್ಚರ ತಪ್ಪಿದ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ.

ಈ ಲೆಕ್ಕಾಚಾರ ಎಷ್ಟು ಪೊಳ್ಳು ಎಂದು ತೋರಿಸಿದ್ದು ಕಳೆದ ಸೆಮಿಸ್ಟರಿನ ನಮ್ಮ ಇಂಡಸ್ಟ್ರಿಯಲ್ ವಿಸಿಟ್. ಅಲ್ಲೊಂದು ಹಳೆಯ ಪವರ್ ಪ್ರೆಸ್ ಇತ್ತು. ತಗಡನ್ನು ಡೈ ಮೇಲಿಟ್ಟು, ಎರಡು ಬಟನ್‌ಗಳನ್ನು ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಬೆರಳು ಡೈ ಒಳಗೆ ಸಿಕ್ಕುವ ಮಾತೇ ಇಲ್ಲ. ಆದರೆ ಒಂದು ಬಟನ್‌ಗೆ ರಟ್ಟಿನ ತುಂಡು ಸಿಕ್ಕಿಸಿ ಟೇಪ್ ಸುತ್ತಿದ್ದರು. ಯಾಕಣ್ಣಾ ಎಂದು ಕೇಳಿದರೆ ಆಪರೇಟರ್, ‘ಟಾರ್ಗೆಟ್ ಮುಟ್ಬೇಕಲ್ಲಪ್ಪಾ, ಎರಡೂ ಒತ್ತುತ್ತಾ ಕೂತ್ರೆ ಆಗುತ್ತಾ?’ ಎಂದು ನಕ್ಕರು. ಅವರ ತಲೆಗೆ ಹೆಲ್ಮೆಟ್, ಕಾಲಿಗೆ ಸೇಫ್ಟಿ ಶೂ ಎಲ್ಲವೂ ಸರಿಯಾಗಿಯೇ ಇದ್ದವು!

ಆ ರಟ್ಟಿನ ತುಂಡನ್ನು ಸಿಕ್ಕಿಸಿದ್ದು ಯಾರು? ಕೈ ಆಪರೇಟರ್‌ದೇ ಇರಬಹುದು. ಆದರೆ ಗಂಟೆಗೆ ಇಷ್ಟು ಪೀಸ್ ಎಂದು ಬರೆದದ್ದು ಆಫೀಸಿನ ಒಂದು ಮೇಜು. ಪ್ರತಿ ಸಲವೂ ಎರಡು ಬಟನ್‌ಗಳನ್ನು ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡುವ ಕಂಟ್ರೋಲ್‌ಗಳು ಈಗ ಸಿಗುತ್ತವೆ. ಅದನ್ನು ಹಾಕಿಸದೆ ಬಿಟ್ಟದ್ದೂ ಒಂದು ಮೇಜೇ. ಬಿಇ ಮುಗಿಸಿ ನಾಳೆ ನಾವು ಕೂರುವುದು ಅದೇ ಮೇಜಿನ ಮುಂದೆ ಅಲ್ಲವೇ?

ಸುರಕ್ಷತಾ ಎಂಜಿನಿಯರುಗಳು ‘ಹಜಾರ್ಡ್’ ಮತ್ತು ‘ರಿಸ್ಕ್’ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಬಳಸುತ್ತಾರೆ. ಹೊಂಡದಲ್ಲಿ ಮೊಸಳೆ ಇರುವುದು ಹಜಾರ್ಡ್. ಆ ಹೊಂಡಕ್ಕೆ ದಿನಾ ಎಷ್ಟು ಜನ ಇಳಿಯುತ್ತಾರೆ, ಕಚ್ಚಿದರೆ ಎಷ್ಟು ಅನಾಹುತ ಎಂಬ ಲೆಕ್ಕ ರಿಸ್ಕ್. ಈ ಲೆಕ್ಕ ಹಾಕಿದ ಮೇಲೆ ಇಳಿಯಬೇಕಾದ ಐದು ಮೆಟ್ಟಿಲುಗಳಿವೆ. ಮೊದಲನೆಯದು ಅಪಾಯವನ್ನೇ ತೆಗೆದುಹಾಕುವುದು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನಕ್ಕೆ ಬದಲಾಯಿಸುವುದು. ಮೂರನೆಯದು ಗಾರ್ಡ್, ಸೆನ್ಸರ್‌ನಂಥ ಯಾಂತ್ರಿಕ ತಡೆ. ನಾಲ್ಕನೆಯದು ತರಬೇತಿ, ನಿಯಮ, ಪಾಳಿ ಬದಲಾವಣೆ. ಹೆಲ್ಮೆಟ್, ಗ್ಲೌಸ್ ಬರುವುದು ಕಟ್ಟಕಡೆಗೆ, ಐದನೆಯ ಮೆಟ್ಟಿಲಿನಲ್ಲಿ. ನಾವು ಬೋರ್ಡಿನ ಮೇಲೆ ಬರೆಯುವುದು ಮಾತ್ರ ಕೊನೆಯದನ್ನೇ.

ಮೇಲಿನ ಮೆಟ್ಟಿಲುಗಳನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಭೋಪಾಲಕ್ಕಿಂತ ದೊಡ್ಡ ಪಾಠ ಇಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಆ ರಾಸಾಯನಿಕವನ್ನು ತಣ್ಣಗಿಡಬೇಕಿದ್ದ ಶೈತ್ಯ ಘಟಕವನ್ನು ತಿಂಗಳುಗಳ ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಿದ್ದ ಫ್ಲೇರ್ ಟವರ್ ರಿಪೇರಿಗೆಂದು ಬಂದ್ ಆಗಿತ್ತು. ಹೆಲ್ಮೆಟ್ ಯಾರನ್ನು ಉಳಿಸೀತು?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವಂತೆ, ಕಾನೂನು ಬಿಗಿಯಾದದ್ದು ಆಮೇಲೆ. 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಅಪಾಯಕಾರಿ ಉದ್ಯಮಗಳಿಗೆಂದೇ ಹೊಸ ಅಧ್ಯಾಯ ಸೇರಿಸಲಾಯಿತು. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರು ‘ನಾವು ಎಚ್ಚರ ವಹಿಸಿದ್ದೆವು’ ಎಂದು ಹೇಳಿ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಪರಿಹಾರವೂ ಕಂಪನಿಯ ಗಾತ್ರಕ್ಕೆ ತಕ್ಕಂತೆ ಇರಬೇಕು ಎಂದಿತು.

ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕೆಲಸ ಹುಡುಕುತ್ತಿರುವ ನಾವು ಓದಲೇಬೇಕಾದ ಅಂಶಗಳು ಅದರಲ್ಲಿವೆ. ಕೆಲಸದ ಜಾಗವನ್ನು ಅಪಾಯಮುಕ್ತವಾಗಿ ಇಡುವುದು ಮಾಲೀಕರ ಕರ್ತವ್ಯ. ನೇಮಕಾತಿ ಪತ್ರ ಕೊಡಲೇಬೇಕು. ಸುರಕ್ಷತೆಗೆಂದು ಕೊಟ್ಟ ಶೂ, ಕನ್ನಡಕದ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಅದನ್ನು ಮಾಲೀಕರ ಜೊತೆಗೆ ಇನ್‌ಸ್ಪೆಕ್ಟರ್ ಗಮನಕ್ಕೂ ತರುವ ಹಕ್ಕು ಕೆಲಸಗಾರರಿಗಿದೆ. ಹಾಗೆಯೇ ಗಾರ್ಡ್, ಬಟನ್‌ನಂಥ ಸುರಕ್ಷಾ ಸಾಧನಗಳನ್ನು ಕೆಡಿಸದಿರುವುದು ಕೆಲಸಗಾರರ ಕರ್ತವ್ಯ.

ಅಪ್ರೆಂಟಿಸ್ ಆಗಿ ಸೇರುವವರು ‘ನಾವು ಕಲಿಯಲು ಬಂದವರು, ನಮಗೇನು ಕಾನೂನು’ ಅಂದುಕೊಳ್ಳಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, ಕಾರ್ಖಾನೆಯಲ್ಲಿ ತರಬೇತಿ ಪಡೆಯುವವರಿಗೂ ಕಾರ್ಮಿಕರಿಗೆ ಇರುವ ಸುರಕ್ಷತಾ ನಿಯಮಗಳೇ ಅನ್ವಯ. ತರಬೇತಿಯಿಂದಾಗಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು.

ಕಾನೂನು ಇದ್ದ ಮಾತ್ರಕ್ಕೆ ಪ್ರೆಸ್ ತಾನಾಗಿ ನಿಲ್ಲುವುದಿಲ್ಲ, ನಿಜ. ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ‘ಇದಕ್ಕೆಲ್ಲ ದುಡ್ಡೆಲ್ಲಿಂದ ತರೋಣ’ ಎಂದು ಕೇಳುವುದರಲ್ಲೂ ಅರ್ಥವಿದೆ. ಆದರೆ ಲೆಕ್ಕವನ್ನು ಪೂರ್ತಿ ಬರೆದು ನೋಡಬೇಕು. ಅವಘಡವಾದ ದಿನ ಲೈನ್ ನಿಲ್ಲುತ್ತದೆ, ಆರ್ಡರ್ ತಡವಾಗುತ್ತದೆ, ನುರಿತ ಕೆಲಸಗಾರ ಇಲ್ಲವಾಗುತ್ತಾನೆ. ನಿಯಮ ಮುರಿದದ್ದರಿಂದ ಸಾವು ಸಂಭವಿಸಿದರೆ ಹೊಸ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಆ ದಂಡದ ಕನಿಷ್ಠ ಅರ್ಧದಷ್ಟನ್ನು ಸತ್ತವರ ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಇಷ್ಟನ್ನೂ ಒಂದು ಕಡೆ ಬರೆದು, ಇನ್ನೊಂದು ಕಡೆ ಒಂದು ಒಳ್ಳೆಯ ಕಂಟ್ರೋಲ್‌ನ ಬೆಲೆ ಬರೆದರೆ, ಯಾವುದು ದುಬಾರಿ ಎಂದು ಕ್ಯಾಲ್ಕುಲೇಟರ್ ಇಲ್ಲದೆಯೂ ಗೊತ್ತಾಗುತ್ತದೆ. ಬೆರಳಿಗಂತೂ ಬೆಲೆ ಕಟ್ಟುವವರು ಯಾರು?

ಕಾಲೇಜಿನಲ್ಲಿ ತೊಲೆ, ಶಾಫ್ಟ್ ಡಿಸೈನ್ ಮಾಡುವಾಗ ‘ಫ್ಯಾಕ್ಟರ್ ಆಫ್ ಸೇಫ್ಟಿ’ ಬರೆಯದಿದ್ದರೆ ಅಂಕ ಕಳೆಯುತ್ತಾರೆ. ಕಬ್ಬಿಣಕ್ಕೆ ಕೊಡುವ ಈ ಮರ್ಯಾದೆ, ಅದರ ಮುಂದೆ ಎಂಟು ಗಂಟೆ ನಿಲ್ಲುವ ಮನುಷ್ಯನಿಗೂ ಸಿಗಬೇಡವೇ? ಹಾಗಾಗಿ ಸಂದರ್ಶನದ ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ?’ ಎಂದಾಗ ಸಂಬಳದ ಜೊತೆ ಇನ್ನೆರಡು ಮಾತು ಕೇಳೋಣ: ಇಲ್ಲಿ ಸುರಕ್ಷತಾ ಸಮಿತಿ ಇದೆಯೇ? ಮೆಷಿನ್ ಸರಿಯಿಲ್ಲ ಎಂದು ಯಾರಾದರೂ ನಿಲ್ಲಿಸಿದರೆ ಅವರಿಗೆ ಬೈಗುಳ ಸಿಗುತ್ತದೋ, ಶಹಬ್ಬಾಸ್‌ಗಿರಿ ಸಿಗುತ್ತದೋ? ಉತ್ತರ ಹೇಳಲು ಅವರು ತಡವರಿಸಿದರೆ, ಆ ತಡವರಿಕೆಯನ್ನೇ ಉತ್ತರ ಎಂದುಕೊಳ್ಳಿ.