ಪಾರ್ಕಿಂಗ್ ಮೀಟರಿನ ಗುತ್ತಿಗೆ ಯಾರಿಗೆ?

ಪ್ರಶ್ನೆ: ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಪಾರ್ಕಿಂಗ್ ಯಂತ್ರ ಕಂಡೆ. ಅದನ್ನು ಯಾವ ಕಂಪನಿ ಹಾಕಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?
– ಓದುಗರೊಬ್ಬರು, ಬಬ್ಬೂರು, ಹಿರಿಯೂರು ತಾಲ್ಲೂಕು

ಉತ್ತರ: ಟೆಂಡರ್ ಮೂಲಕ. ಬೆಂಗಳೂರಿರಲಿ, ಹಿರಿಯೂರು ನಗರಸಭೆಯಿರಲಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಲ್ಲರಿಗೂ ಅನ್ವಯ. ದೊಡ್ಡ ಕೆಲಸಗಳಿಗೆ ಸಾಮಾನ್ಯವಾಗಿ ಎರಡು ಲಕೋಟೆಯ ಪದ್ಧತಿ. ಮೊದಲನೆಯದರಲ್ಲಿ ಕಂಪನಿಯ ಅನುಭವ, ವಹಿವಾಟು, ಯಂತ್ರದ ತಾಂತ್ರಿಕ ವಿವರ, ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಈಗ ಇದೆಲ್ಲ ಆನ್‌ಲೈನಿನಲ್ಲೇ ನಡೆಯುತ್ತದೆ. ನಿರ್ಧಾರ ಒಪ್ಪದ ಟೆಂಡರುದಾರ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪಾರ್ಕಿಂಗ್ ವಿಷಯದಲ್ಲೊಂದು ವಿಶೇಷವಿದೆ. ಯಂತ್ರವನ್ನು ನಗರವೇ ಕೊಳ್ಳುವುದಾದರೆ ಕಡಿಮೆ ದರ ಹೇಳಿದವರಿಗೆ ಕೆಲಸ. ಕಂಪನಿಯೇ ಬಂಡವಾಳ ಹಾಕಿ ಶುಲ್ಕ ವಸೂಲಿ ಮಾಡುವುದಾದರೆ ಲೆಕ್ಕ ತಿರುಗುಮುರುಗು: ಪಾಲಿಕೆಗೆ ಹೆಚ್ಚು ಹಣ ಕಟ್ಟುವವರು ಗೆಲ್ಲುತ್ತಾರೆ. ಬೆಂಗಳೂರು ಹಿಡಿದದ್ದು ಈ ಎರಡನೆಯ ದಾರಿ.

ನನ್ನ ಮಟ್ಟಿಗೆ ದರಕ್ಕಿಂತ ಷರತ್ತುಗಳು ಮುಖ್ಯ. ಮಳೆಯಲ್ಲಿ ಯಂತ್ರ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ದುರಸ್ತಿ? ಮೊಬೈಲ್ ಇಲ್ಲದವರು ಹಣ ಕೊಡುವುದು ಹೇಗೆ? ವಸೂಲಿಯ ಲೆಕ್ಕ ಪಾಲಿಕೆಗೆ ನೇರವಾಗಿ ಕಾಣುತ್ತದೆಯೆ? 1935ರ ಜುಲೈನಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರು ನಿಂತಾಗ ಒಂದು ನಾಣ್ಯ ಹಾಕಿದರೆ ಸಾಕಿತ್ತು. ಇಂದಿನ ಯಂತ್ರದ ಹಿಂದೆ ತಂತ್ರಾಂಶ, ಇಂಟರ್ನೆಟ್, ನಿರ್ವಹಣೆ ಎಲ್ಲವೂ ಇವೆ.

ನಿಮ್ಮೂರಿಗೂ ಇಂಥ ಯಂತ್ರ ಬಂದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕರಾರು ಪತ್ರದ ಪ್ರತಿ ಕೇಳಿ ಓದಿ.