ಕಲ್ಯಾಣ ದಾಟಿ ಬಂದ ಗ್ರಂಥಾಲಯ

ಮುಂಬೈಯಿಂದ ಕರ್ಜತ್ ಕಡೆಯ ಲೋಕಲ್ ಹಿಡಿದರೆ ಕಲ್ಯಾಣ ಆದ ಕೂಡಲೇ ಬರುವ ಸ್ಟೇಷನ್ ವಿಠ್ಠಲವಾಡಿ. ಕಲ್ಯಾಣದಲ್ಲಿ ಅರ್ಧ ಡಬ್ಬಿ ಖಾಲಿಯಾಗಿ, ಇನ್ನು ಕಾಲು ಚಾಚಬಹುದು ಅನ್ನುವಷ್ಟರಲ್ಲಿ ನಾವು ಇಳಿಯಬೇಕು. ಸುತ್ತ ಮರಾಠಿ, ಸಿಂಧಿ, ಹಿಂದಿ. ಕನ್ನಡದ ಮನೆಗಳೂ ಇವೆ, ಆದರೆ ಚದುರಿಕೊಂಡಿವೆ. ಹಾಗಾಗಿ ಕನ್ನಡ ವಾರಪತ್ರಿಕೆ ಬೇಕಾದವರು ಡೊಂಬಿವಲಿಯಲ್ಲಿ ಇಳಿದು, ಕೊಂಡು, ಮತ್ತೆ ಗಾಡಿ ಹತ್ತಬೇಕಾಗಿತ್ತು. ನಮ್ಮ ಮನೆಯಲ್ಲಿ ಅದು ಮಾವನ ಕೆಲಸವಾಗಿತ್ತು. ಅವರು ಹೋದ ಮೇಲೆ ನನಗೆ ಬಂತು. ಘಾಟ್ಕೋಪರಿನ ಆಫೀಸು ಮುಗಿಸಿ ಬರುವಾಗ ಡೊಂಬಿವಲಿಯ ಜನಜಂಗುಳಿಯಲ್ಲಿ ಇಳಿಯುವುದು ಸುಲಭ, ಮತ್ತೆ ಹತ್ತುವುದು ಎಷ್ಟು ಕಷ್ಟ ಎಂಬುದು ಲೇಡೀಸ್ ಡಬ್ಬಿಯವರಿಗೆ ಗೊತ್ತು.

ತಂದು ಕೊಟ್ಟರೂ ಅತ್ತೆಗೆ ಈಗ ಓದಲು ಆಗುವುದಿಲ್ಲ. ಗ್ಲಾಕೋಮಾ. ಡಾಕ್ಟರು ಇದ್ದಷ್ಟು ದೃಷ್ಟಿಯನ್ನು ಉಳಿಸಿ ಕೊಟ್ಟಿದ್ದಾರೆ, ಆದರೆ ಅಷ್ಟರಲ್ಲಿ ಅಕ್ಷರ ಹಿಡಿಯುವುದಿಲ್ಲ. ಕುಂದಾಪುರ ಕಡೆಯವರು, ಕಾದಂಬರಿಯ ಹುಚ್ಚಿನವರು. ಅವರಿಗಾಗಿ ನಾನು ಹುಡುಕುತ್ತಾ ಹೋದದ್ದು, ಹುಡುಕಿದಲ್ಲಿ ಸಿಕ್ಕಿದ್ದು, ಸಿಗದೇ ಉಳಿದದ್ದು ಈ ಬರಹದಲ್ಲಿದೆ. ಊರಿನಿಂದ ದೂರ ಇರುವ ಇತರರಿಗೂ ಉಪಯೋಗವಾದೀತು.

ಮೊದಲು ಒಂದು ಕಾನೂನಿನ ಮಾತು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಅಂದರೆ ಸರ್ಕಾರದ್ದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ, ಆ ದುಡ್ಡಿನಿಂದ ಓಣಿಯ ವಾಚನಾಲಯದವರೆಗೆ ಎಲ್ಲವೂ ನಡೆಯಬೇಕು. ಮಹಾರಾಷ್ಟ್ರದ ದಾರಿ ಬೇರೆ. ಇಲ್ಲಿ 1967ರ ಕಾಯ್ದೆಯಲ್ಲಿ ಆ ಕರ ಇಲ್ಲ. ಊರಿನವರು ಸೇರಿ ನಡೆಸುವ ಸಂಸ್ಥೆಗಳಿಗೆ ಸರ್ಕಾರ ಅ, ಬ, ಕ, ಡ ಎಂದು ದರ್ಜೆ ಕೊಟ್ಟು ಅನುದಾನ ಕೊಡುತ್ತದೆ. ಸದಸ್ಯರು ಠೇವಣಿ ಇಟ್ಟು ತಿಂಗಳಿಗಿಷ್ಟು ವರ್ಗಣಿ ಕಟ್ಟುತ್ತಾರೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದ್ದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಒಂದೂವರೆ ಶತಮಾನ ಜನರೇ ಕೂಡಿಕೊಂಡು ಪುಸ್ತಕ ಕಾಪಾಡಿದ್ದಾರೆ ಅಂದರೆ ನನಗೆ ನಿಜಕ್ಕೂ ಗೌರವ. ಆದರೆ ಅವು ಮರಾಠಿಗರು ಮರಾಠಿಗಾಗಿ ಕಟ್ಟಿದ ಮನೆಗಳು, ಅಲ್ಲಿ ಹೋಗಿ ಕನ್ನಡ ಕಾದಂಬರಿ ಕೇಳುವುದು ನ್ಯಾಯವಲ್ಲ. ಕನ್ನಡಿಗರು ಇಲ್ಲಿ ತಮ್ಮ ಸಂಘಗಳ ಕಪಾಟುಗಳನ್ನೇ ನೆಚ್ಚಿಕೊಂಡು ಬಂದವರು.

ಈ ಲೆಕ್ಕ ಸ್ವಲ್ಪ ಬದಲಾದದ್ದು 2020ರಲ್ಲಿ. ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ಕರ್ನಾಟಕದ ಗ್ರಂಥಾಲಯ ಇಲಾಖೆ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರು ಮಾಡಿತು. ಅದರ ಬೆನ್ನಿಗೇ ಲಾಕ್‌ಡೌನ್ ಬಂದು, ಬಾಗಿಲು ಹಾಕಿದ ಗ್ರಂಥಾಲಯಗಳ ಓದುಗರೆಲ್ಲ ಮೊಬೈಲಿಗೆ ಬಂದರು. ಹೆಸರು, ಮೊಬೈಲ್ ಸಂಖ್ಯೆ ಕೊಟ್ಟು ಪುಕ್ಕಟೆ ಸದಸ್ಯರಾಗಬಹುದು. ವಿಠ್ಠಲವಾಡಿಯಲ್ಲಿ ಕೂತು ಕರ್ನಾಟಕದ ಗ್ರಂಥಾಲಯದ ಸದಸ್ಯಳಾದೆ ಎಂಬ ಖುಷಿ ಸಣ್ಣದಲ್ಲ. ಒಳಗೆ ಹೋದರೆ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ, ಪಾಠದ ವಿಡಿಯೋಗಳದ್ದೇ ದರಬಾರು. ಕೆಎಎಸ್ ಬರೆಯುವ ಹುಡುಗನಿಗೆ ಅದು ಹಬ್ಬ. ಕಾದಂಬರಿ ಬೇಕಾದ ಎಂಬತ್ತರ ಅಜ್ಜಿಗೆ ಅಷ್ಟು ಪ್ರಯೋಜನವಿಲ್ಲ. ಖರಗಪುರ ಐಐಟಿಯವರು ನಡೆಸುವ, 2018ರಲ್ಲಿ ದೇಶಕ್ಕೆ ಅರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ. ಅದು ಮುಖ್ಯವಾಗಿ ದಾರಿ ತೋರಿಸುತ್ತದೆ: ಈ ಪುಸ್ತಕ ಇಂಥ ಕಡೆ ಇದೆ ಅನ್ನುತ್ತದೆ, ಅಲ್ಲಿಗೆ ಹೋಗಿ ನೋಡಬೇಕಾದವರು ನಾವು.

ನನಗೆ ನಿಜವಾಗಿ ರುಚಿ ಹತ್ತಿದ್ದು ಹಳೆಯ ಪತ್ರಿಕೆಗಳಿಂದ. ಇದಕ್ಕೆ ಹಿನ್ನೆಲೆ ಹೇಳಬೇಕು. ಎರಡು ಸಾವಿರದ ಇಸವಿಯ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ದೊಡ್ಡ ಕೆಲಸ ನಡೆದು, ದೇಶದ ಹಳೆಯ ಗ್ರಂಥಾಲಯಗಳ ಪುಸ್ತಕಗಳು ಸ್ಕ್ಯಾನ್ ಆದವು. ಆ ತಾಣ ಮುಂದೆ ನಿಂತುಹೋಯಿತು, ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದವು. ಆದರೆ ಸ್ಕ್ಯಾನ್ ಮಾಡಿದವರು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದಂತೆ ಬರೆದಿಟ್ಟಿದ್ದರು. ಪುಸ್ತಕ ಇದ್ದೂ ಇಲ್ಲದ ಹಾಗೆ. ಆಗ ಬೆಂಗಳೂರಿನ 'ಸಂಚಯ' ಎಂಬ ಉತ್ಸಾಹಿಗಳ ತಂಡ ಆ ಹೆಸರುಗಳನ್ನು ಜನರ ಸಹಾಯದಿಂದ ಕನ್ನಡಕ್ಕೆ ತಿದ್ದಿ, ಕನ್ನಡದಲ್ಲೇ ಹುಡುಕಬಹುದಾದ 'ಪುಸ್ತಕ ಸಂಚಯ' ಮಾಡಿತು. ಕನ್ನಡದ ಓದುಗರು ಈ ಹುಡುಗರಿಗೆ ಒಂದು ಊಟ ಹಾಕಿಸಬೇಕು. ಬೆಂಗಳೂರಿನಲ್ಲೇ 'ಸರ್ವೆಂಟ್ಸ್ ಆಫ್ ನಾಲೆಜ್' ಹೆಸರಿನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡುವ ಕೆಲಸವೂ ನಡೆದು ಅದೇ ಆರ್ಕೈವ್ ಸೇರುತ್ತಿದೆ.

ಅಲ್ಲಿ 'ಪ್ರಬುದ್ಧ ಕರ್ನಾಟಕ', ಆಲೂರು ವೆಂಕಟರಾಯರು 1922ರಲ್ಲಿ ಧಾರವಾಡದಿಂದ ಹೊರಡಿಸಿದ 'ಜಯಕರ್ನಾಟಕ'ದಂಥ ಪತ್ರಿಕೆಗಳ ಬಿಡಿ ಸಂಚಿಕೆಗಳು ಎದುರಾದಾಗ ಕೆಲಸ ಮರೆತು ಕೂತಿದ್ದೇನೆ. ಪುಟದ ಮೂಲೆಯಲ್ಲಿ ಯಾವುದೋ ಗ್ರಂಥಾಲಯದ ನೇರಳೆ ಮುದ್ರೆ, ಅಂಚಿನಲ್ಲಿ ಯಾರದೋ ಪೆನ್ಸಿಲ್ ಗೀಟು, ಒಂದೊಂದು ಕಡೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು. ಲೇಖನಕ್ಕಿಂತ ಜಾಹೀರಾತು ಓದುವುದೇ ಹೆಚ್ಚು ಅಂತ ಮನೆಯವರು ನಗುತ್ತಾರೆ. ನಗಲಿ.

ಈಗಿನ ಪತ್ರಿಕೆಗಳ ಮಾತು ಬೇರೆ. 'ಸುಧಾ', 'ಮಯೂರ'ಗಳನ್ನು ಪ್ರಕಾಶಕರೇ ಡಿಜಿಟಲ್ ರೂಪದಲ್ಲಿ ಕೊಡುತ್ತಾರೆ, ದಿನಪತ್ರಿಕೆಗಳ ಇ-ಪೇಪರ್ ಇದ್ದೇ ಇದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೆಳಗಾಗುತ್ತಲೇ ಹಂಚುವ ಪಿಡಿಎಫ್‌ಗಳನ್ನು ನಾನು ತೆರೆಯುವುದಿಲ್ಲ. ಪತ್ರಿಕೆ ಉಳಿಯಬೇಕು ಅನ್ನುವವರೇ ಹಾಗೆ ಹಂಚುವುದು ನೋಡಿದರೆ ಸಿಟ್ಟು ಬರುತ್ತದೆ.

ಯಾವುದು ಪುಕ್ಕಟೆ, ಯಾವುದು ಅಲ್ಲ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ 2024ರಿಂದ ಅವರ ಬರಹ ಎಲ್ಲರದ್ದೂ ಆಯಿತು. ನಮ್ಮತ್ತೆಗೆ ಬೇಕಾದ ಕೋಟದ ಕಾರಂತರು 1997ರಲ್ಲಿ ಹೋದವರು. ಅವರ ಕಾದಂಬರಿಗಳು 2057ರ ಕೊನೆಯವರೆಗೆ ಹಕ್ಕುದಾರರವು, ಅವರ ಒಪ್ಪಿಗೆಯಿಲ್ಲದೆ ಯಾರೂ ಓದಿ ರೆಕಾರ್ಡ್ ಮಾಡಿ ಸಾರ್ವಜನಿಕವಾಗಿ ಹಾಕುವಂತಿಲ್ಲ.

ಆದರೆ ಇದೇ ಕಾನೂನಿನಲ್ಲಿ ಕಣ್ಣು ಕಾಣದವರಿಗೆ ಒಂದು ಬಾಗಿಲು ಇದೆ, ಅದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. 2012ರ ತಿದ್ದುಪಡಿಯ ನಂತರ, ಅಚ್ಚಿನ ಅಕ್ಷರ ಓದಲಾಗದವರಿಗಾಗಿ ಯಾವುದೇ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಲೇಖಕರ ಅಪ್ಪಣೆ ಬೇಕಿಲ್ಲ. ಲಾಭಕ್ಕಾಗಿ ಮಾತ್ರ ಮಾಡಬಾರದು. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಕೇಂದ್ರ ಸರ್ಕಾರದ ಇಲಾಖೆ, ಡೇಸಿ ಫೋರಂ ಆಫ್ ಇಂಡಿಯಾ ಮತ್ತು ಟಿಸಿಎಸ್ ಸೇರಿ ಮಾಡಿದ್ದು. ಓದಲಾಗದ ತೊಂದರೆಗೆ ದಾಖಲೆ ಕೊಟ್ಟು ಸದಸ್ಯರಾದರೆ ಹಲವು ಭಾಷೆಯ ಪುಸ್ತಕಗಳು ಸಿಗುತ್ತವೆ. ಡೇಸಿ ಎಂಬ ಈ ರೂಪದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು. ಕ್ಯಾಸೆಟ್ ಕಾಲದಲ್ಲಿ ಹಿಂದೆ ಮುಂದೆ ಓಡಿಸಿ ಹುಡುಕಿದವರಿಗೆ ಅದರ ಬೆಲೆ ಗೊತ್ತು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯವರು ಕನ್ನಡದ ಮಾತಾಡುವ ಪುಸ್ತಕಗಳನ್ನು ವರ್ಷಗಟ್ಟಲೆಯಿಂದ ಸ್ವಯಂಸೇವಕರ ದನಿಯಲ್ಲಿ ಮಾಡುತ್ತಾ ಬಂದಿದ್ದಾರೆ. ಇಲ್ಲಿಯವರು ವಿಚಾರಿಸಲು ಮುಂಬೈಯ ವರಳಿಯಲ್ಲಿ ರಾಷ್ಟ್ರೀಯ ಅಂಧರ ಸಂಘ ಇದೆ. ಮನೆಯಲ್ಲಿ ದೃಷ್ಟಿ ಕುಗ್ಗಿದ ಹಿರಿಯರಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಸರ್ಟಿಫಿಕೇಟಿನ ಮಾತಾಡಿ. ವಯಸ್ಸಾಯಿತು, ಬಿಡಿ ಎಂದು ಸುಮ್ಮನಾಗಬೇಡಿ.

ಇನ್ನು ಅಂಗಡಿಯ ಆಡಿಯೋ ಪುಸ್ತಕಗಳು. 'ಮೈಲ್ಯಾಂಗ್'ನಂಥ ಕನ್ನಡಿಗರದ್ದೇ ಆ್ಯಪ್‌ಗಳಲ್ಲಿ, 'ಸ್ಟೋರಿಟೆಲ್'ನಂಥ ಹೊರಗಿನವರ ಆ್ಯಪ್‌ಗಳಲ್ಲಿ ಕನ್ನಡ ಕೃತಿಗಳು ಬಂದಿವೆ. ಕೆಲವು ಕಡೆ ಪುಸ್ತಕಕ್ಕಿಷ್ಟು, ಕೆಲವು ಕಡೆ ತಿಂಗಳಿಗಿಷ್ಟು. ಒಂದು ಆ್ಯಪ್ ಕೇಳದೆಯೇ ಚಂದಾ ಮುಂದುವರಿಸಿ ದುಡ್ಡು ಹಿಡಿದದ್ದೂ ಆಯಿತು, ಹಾಗಾಗಿ ಬ್ಯಾಂಕಿನ ಮೆಸೇಜ್ ಮೇಲೆ ಕಣ್ಣಿರಲಿ. ಅತ್ತೆಗೆ ಕರಾವಳಿಯ ಕಥೆಯೊಂದನ್ನು ಹಾಕಿಕೊಟ್ಟ ಮೊದಲ ಸಂಜೆ ಅವರು ಸ್ವಲ್ಪ ಕೇಳಿ, "ಇವ್ಳ್ ಯಾರ್ ಮಾರಾಯ್ತಿ? ಉಸ್ರ್ ತೆಗೂಕೂ ನಿಲ್ತಿಲ್ಲೆ" ಅಂದರು. ವೇಗವನ್ನು ಮುಕ್ಕಾಲಿಗೆ ಇಳಿಸುವ ಗುಂಡಿ ಇದೆ. ಇಳಿಸಿದೆ. ಆಗ ಓದುವವಳ ಮಾತು ಸ್ವಲ್ಪ ಎಳೆದಂತಾದರೂ ಅತ್ತೆಗೆ ಒಪ್ಪಿಗೆಯಾಯಿತು. ಎರಡನೆಯ ತಕರಾರು, ನಿದ್ದೆ ಬಂದ ಮೇಲೂ ಕಥೆ ಮುಂದೆ ಹೋಗಿಬಿಡುತ್ತದೆ ಎಂಬುದು. ಅದಕ್ಕೂ ಟೈಮರ್ ಇದೆ, ಹದಿನೈದು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ತಾಳಮದ್ದಳೆ ಕೇಳುತ್ತಾ ಬೆಳಗು ಮಾಡಿದ ಊರಿನವರಿಗೆ ಕೇಳಿ ಸುಖಪಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಓದುವವರ ಉಚ್ಚಾರಕ್ಕೆ ಮಾತ್ರ ಅವರು ಅಂಕ ಕೊಡುತ್ತಲೇ ಇರುತ್ತಾರೆ. ಕಡಿಮೆಯೇ ಕೊಡುತ್ತಾರೆ.

ಮೊಬೈಲೇ ಓದಿ ಹೇಳುವ ದಾರಿಯೂ ಉಂಟು. ಫೋನಿನ ಸೆಟ್ಟಿಂಗ್‌ನಲ್ಲಿ ಕನ್ನಡ ದನಿ ಹಾಕಿಕೊಂಡರೆ ಯೂನಿಕೋಡ್ ಅಕ್ಷರದಲ್ಲಿರುವ ಯಾವ ಲೇಖನವನ್ನಾದರೂ ಅದು ಓದುತ್ತದೆ. ಅಡ್ಡಿ ಬರುವುದು ಎರಡು ಕಡೆ. ಸ್ಕ್ಯಾನ್ ಪುಟ ಯಂತ್ರಕ್ಕೆ ಬರೀ ಚಿತ್ರ, ಮೊದಲು ಅದನ್ನು ಅಕ್ಷರಕ್ಕೆ ಇಳಿಸಬೇಕು. ಇನ್ನೊಂದು, ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಚೆಂದದ ಕನ್ನಡ, ಆದರೆ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಓದು ಅಂದರೆ ಫೋನು ಜ್ವರ ಬಂದವರ ಹಾಗೆ ಬಡಬಡಿಸುತ್ತದೆ. ಪತ್ರಿಕೆ ನಡೆಸುವವರು ಯೂನಿಕೋಡ್‌ನಲ್ಲೇ ಪಿಡಿಎಫ್ ಮಾಡಿದರೆ ಕಣ್ಣು ಕಾಣದ ಓದುಗರೆಲ್ಲ ಒಂದೇ ದಿನದಲ್ಲಿ ಅವರ ಓದುಗರಾಗುತ್ತಾರೆ. ಖರ್ಚೂ ಇಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ಮೈದುನನ ಮನೆಯಲ್ಲಿ ಬೇರೆಯೇ ಲೋಕ. ಅಲ್ಲಿ ಊರಿನ ಗ್ರಂಥಾಲಯದ ಕಾರ್ಡಿನ ನಂಬರನ್ನು 'ಲಿಬ್ಬಿ' ಎಂಬ ಆ್ಯಪ್‌ಗೆ ಹಾಕಿದರೆ ಪತ್ರಿಕೆ, ಆಡಿಯೋ ಪುಸ್ತಕ ಎಲ್ಲ ಪುಕ್ಕಟೆ. ಪ್ರಕಾಶಕರಿಗೆ ಗ್ರಂಥಾಲಯ ದುಡ್ಡು ಕೊಟ್ಟಿರುತ್ತದೆ. ಸಾಮಾನ್ಯವಾಗಿ ಒಂದು ಪ್ರತಿ ಕೊಂಡಿದ್ದರೆ ಒಮ್ಮೆಗೆ ಒಬ್ಬರಿಗೆ, ಉಳಿದವರು ಸರದಿಯಲ್ಲಿ. ಅವಧಿ ಮುಗಿದರೆ ಪುಸ್ತಕ ತಾನೇ ವಾಪಸು. ದಂಡ ಇಲ್ಲ, ಪುಸ್ತಕವನ್ನು ನಾಯಿ ಹರಿದುಹಾಕಿತು ಎಂಬ ನೆಪವೂ ಬೇಡ. ಕರ್ನಾಟಕದ ಇಲಾಖೆ ಕನ್ನಡದ ಆಡಿಯೋ ಪ್ರಕಾಶಕರ ಜೊತೆ ಇಂಥದೊಂದು ಒಪ್ಪಂದ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಗ್ರಂಥಾಲಯಗಳಿಗೆಂದು ಅಚ್ಚಾದ ಪುಸ್ತಕ ಕೊಳ್ಳುವ ಸರ್ಕಾರಕ್ಕೆ ಓದಿಸಿದ ಪುಸ್ತಕ ಕೊಳ್ಳುವುದು ಹೊಸ ವಿದ್ಯೆಯಲ್ಲ.

ಕೊನೆಗೆ ಮುಂಬೈ, ಠಾಣೆಯ ನಮ್ಮವರಿಗೇ ಒಂದು ಮಾತು. ಇಲ್ಲಿಂದ ಹೊರಟ ಕನ್ನಡ ಪತ್ರಿಕೆಗಳು ಒಂದೆರಡಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯ 'ಮೊಗವೀರ', ಬಿಲ್ಲವರ ಅಸೋಸಿಯೇಷನ್ನಿನ 'ಅಕ್ಷಯ', ಮೈಸೂರು ಅಸೋಸಿಯೇಷನ್ನಿನ 'ನೇಸರು', ಕರ್ನಾಟಕ ಸಂಘದ 'ಸ್ನೇಹಸಂಬಂಧ', 'ಗೋಕುಲವಾಣಿ', 'ಬಂಟರವಾಣಿ'. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಕಥೆ, ಯಕ್ಷಗಾನದ ಸುದ್ದಿ, ಮದುವೆ, ಮರಣ, ಚುನಾವಣೆ, ಜಗಳ ಎಲ್ಲ ಅವುಗಳಲ್ಲಿವೆ. ಮುಂಬೈ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಆಕರ ಇಲ್ಲ. ಸಂಘಗಳ ಕಪಾಟುಗಳಲ್ಲಿ, ಹಳೆಯ ಸದಸ್ಯರ ಮನೆಯ ಅಟ್ಟಗಳಲ್ಲಿ ಇರುವ ಸಂಚಿಕೆಗಳು ಇಲ್ಲಿನ ಮಳೆಗಾಲಕ್ಕೆ ಎಷ್ಟು ದಿನ ಬಾಳುತ್ತವೆ? ಸ್ಕ್ಯಾನ್ ಮಾಡಲು ಈಗ ದೊಡ್ಡ ಯಂತ್ರ ಬೇಕಿಲ್ಲ, ತಾಳ್ಮೆ ಇರುವ ನಾಲ್ಕು ಜನ ಸಾಕು. ಪ್ರಕಾಶಕರು ಸಂಘದವರೇ. ಲೇಖಕರ ಒಪ್ಪಿಗೆ ಬೇಕಾದಲ್ಲಿ ಅವರೂ ಬಹಳಷ್ಟು ಮಂದಿ ಸಂಘದ ಸದಸ್ಯರೇ. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ, ಲೆಕ್ಕಪತ್ರ ಮಂಜೂರಾಗಿ ಚಹಾ ಬರುವ ಮೊದಲು, ಎದ್ದು ನಿಂತು ಈ ವಿಷಯ ಎತ್ತಿ.