ಮೆಸೇಜ್ ಬಂತು, ಬೀಜ ಬರಲಿಲ್ಲ

2023ರ ಆಗಸ್ಟ್ ನೆನಪಿದೆಯಲ್ಲ? 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಜುಲೈ ಕೊನೆಗೆ ಬಿತ್ತಿದ ರಾಗಿ ಮೊಳಕೆಯಲ್ಲೇ ಒಣಗಿಹೋಯ್ತು. ನಾನು ತೋಟಗಾರಿಕೆ ಓದಿ ಸಾವಯವ ತರಕಾರಿ ಬೆಳೆಯೋನು, ರಾಗಿ ಹೊಲ ಅಪ್ಪನ ಕಾರುಬಾರು. ಆಗಸ್ಟ್ ಕೊನೇ ವಾರ ನನ್ನ ಫೋನಿಗೆ ಸಲಹೆ ಬಂತು: ಮಳೆ ಬಿದ್ದ ಕೂಡಲೇ ಅಲ್ಪಾವಧಿ ರಾಗಿ ತಳಿ ಬಿತ್ತಿ.

ಸಲಹೆ ಸರಿಯಾಗೇ ಇತ್ತು. ಎಂ.ಆರ್.-6 ನಂಥ ತಳಿಗೆ ನಾಲ್ಕು ತಿಂಗಳು ಬೇಕು; ಜಿಪಿಯು-48 ನೂರು ದಿನದ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತೆ. ಬೀಜ ತರೋಕೆ ಹೋದ್ರೆ ಅಲ್ಲಿದ್ದದ್ದು ದೀರ್ಘಾವಧಿ ತಳಿ ಮಾತ್ರ. "ಮೇಲಿಂದ ಬಂದಿಲ್ಲ" ಅಂದ್ರು. ಹತ್ತು ದಿನ ಅಲೆದೆ. ಅಷ್ಟರಲ್ಲಿ ಬಿದ್ದ ಒಂದು ಹದ ಮಳೆಯ ತೇವವೂ ಆರಿತು. "ಫೋನು ಹೇಳ್ತೈತೆ ಸರಿ, ಬೀಜ ಯಾರ್ ಕೊಡ್ತಾರೆ?" ಅಂದ್ರು ಅಪ್ಪ. ಎರಡು ಎಕರೆ ಬೀಳು ಬಿತ್ತು, ದನಕ್ಕೆ ಹುಲ್ಲು ಕೊಂಡು ತಂದ್ವಿ. ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ.

ಯಾರೂ ಕೆಲಸ ಮಾಡಿಲ್ಲ ಅಂತ ನಾನು ಹೇಳಲ್ಲ. ಹವಾಮಾನ ಇಲಾಖೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಸಲಹೆ ಕೊಡುತ್ತೆ. ಮೇಘದೂತ್ ಆ್ಯಪ್‌ನಲ್ಲಿ ಅದು ಕನ್ನಡದಲ್ಲೇ ಸಿಗುತ್ತೆ. ತಳಿ ಕೊಟ್ಟದ್ದು ಕೃಷಿ ವಿಶ್ವವಿದ್ಯಾಲಯ. ಮಳೆ ಕೈಕೊಟ್ಟರೆ ಯಾವ ಬೆಳೆ, ಯಾವ ತಳಿ ಅಂತ ಜಿಲ್ಲಾವಾರು ತುರ್ತು ಯೋಜನೆಯನ್ನ ಹೈದರಾಬಾದಿನ ಕ್ರಿಡಾ ಸಂಸ್ಥೆ ಎಂದೋ ಮಾಡಿಟ್ಟಿದೆ. ಬೀಜ ಹಂಚೋದು ಕೃಷಿ ಇಲಾಖೆ. ಆದರೆ ಇವರೆಲ್ಲರ ಕೆಲಸ ಒಂದೇ ವಾರದಲ್ಲಿ ಒಂದೇ ಊರಿಗೆ ಬಂದು ಮುಟ್ಟಬೇಕಲ್ಲ. ರಾಗಿಗೆ ಆ ಒಂದು ವಾರ ಬಿಟ್ಟರೆ ಆಯ್ತು, ಮುಂದಿನ ವರ್ಷವೇ.

ಹೀಗೆ ಜೋಡಿಸೋ ಪ್ರಯತ್ನ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 'ನಿಕ್ರಾ' ಯೋಜನೆ ಶುರು ಮಾಡಿತು. ಹವಾಮಾನದ ಹೊಡೆತ ಹೆಚ್ಚಿರೋ ಜಿಲ್ಲೆಗಳಲ್ಲಿ ಹಳ್ಳಿ ಆರಿಸಿ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕೆಲಸ. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಅಂಥದ್ದೊಂದು ಊರು. ಹಿರೇಹಳ್ಳಿ ಕೆವಿಕೆ ಜವಾಬ್ದಾರಿ. ಕೃಷಿ ಹೊಂಡ, ಬದು, ಬರ ತಡೆಯೋ ರಾಗಿ ತಳಿ, ಬಾಡಿಗೆ ಯಂತ್ರ ಕೇಂದ್ರ ಎಲ್ಲ ಇದರ ಭಾಗ. ನನಗೆ ಮುಖ್ಯ ಅನ್ನಿಸಿದ್ದು ಈ ಯೋಜನೆಯ ಪ್ರತಿ ಊರಲ್ಲೂ ರೈತರದ್ದೇ ಒಂದು ಹವಾಮಾನ ಅಪಾಯ ನಿರ್ವಹಣಾ ಸಮಿತಿ ಇರುತ್ತೆ ಅನ್ನೋದು. ಇಲಾಖೆ, ವಿಜ್ಞಾನಿ ಎಲ್ಲರೂ ಆ ಸಮಿತಿ ಜೊತೆ ಕೂತು ಮಾತಾಡಬೇಕು.

ನಮ್ಮೂರಿಗೆ ನಿಕ್ರಾ ಇಲ್ಲ. ಮೇಲಾಗಿ 2024ರಲ್ಲಿ ದೇಶದ ಕೆವಿಕೆಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನೂ ಮುಚ್ಚಿದರು. ತಾಲ್ಲೂಕು ಮಟ್ಟದ ಸಲಹೆ ಬರೀತಿದ್ದವರು ಅವರೇ. ತಪ್ಪು ನಿರ್ಧಾರ ಅಂತ ನಾನಂತೂ ಹೇಳ್ತೀನಿ.

ಹಾಗಾಗಿ ನಾವು ಹನ್ನೊಂದು ಜನ ಮೇ ತಿಂಗಳಲ್ಲೇ ಕೂತು ಲೆಕ್ಕ ಹಾಕಿದ್ವಿ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕೆಜಿ ರಾಗಿ ಸಾಕು. ನಮ್ಮದೆಲ್ಲ ಸೇರಿ 40 ಎಕರೆ, ಅಂದ್ರೆ ಎರಡೇ ಕ್ವಿಂಟಾಲ್! ಮಳೆ ಸುಮಾರಾಗಿ ಬಂದರೆ ಅರ್ಧ ಎಕರೆಯಲ್ಲಿ ಅಷ್ಟು ಸಿಗುತ್ತೆ. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಬೆರಕೆ ತೆನೆ ಕಿತ್ತು ಹಾಕಿದರೆ ನಮ್ಮ ಬೀಜ ನಾವೇ ಇಟ್ಕೋಬಹುದು. ಕೆವಿಕೆಯಿಂದ ಜಿಪಿಯು-48ರ ಮೂಲ ಬೀಜ ಕೇಳಿ ತಂದು, ನನ್ನ ತರಕಾರಿ ತೋಟದ ಪಕ್ಕ ಬೆಳೆದೆ. ಹನಿ ನೀರಿನ ಆಸರೆ ಇತ್ತು, ಬೀಜ ಕೈಗೆ ಬಂತು.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ನೋಡಿ ಬನ್ನಿ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸೋ ಯಂತ್ರ ಅದು; ಅಡಿಕೆಯಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಗೂ ಅದರದ್ದೇ ಲೆಕ್ಕ. ಮೇಲೆ ಮರದ ಕೊಂಬೆ ಬಾಗಿದ್ರೆ ಫೋಟೊ ತೆಗೆದು ಪಿಡಿಒಗೆ ಬರೆದು ಕೊಡಿ. ಬಾಯಿ ಮಾತಲ್ಲಿ ಹೇಳಿದ್ರೆ ಅಲ್ಲಿಗೇ ಮರೆತುಹೋಗುತ್ತೆ.

ಬೀಜ ಇಡೋಕೆ ಪಂಚಾಯಿತಿಯಲ್ಲಿ ಒಂದು ಕೋಣೆ, ಮುಂಗಾರಿಗೆ ಮೊದಲು ಕೃಷಿ ಅಧಿಕಾರಿ ಮತ್ತು ಕೆವಿಕೆಯವರ ಜೊತೆ ಒಂದು ಸಭೆ ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೀವಿ. ಸಭೆಗೆ ಒಪ್ಪಿದ್ದಾರೆ. ಕೋಣೆ ಇನ್ನೂ ಸಿಕ್ಕಿಲ್ಲ; ಎರಡು ಡ್ರಮ್ಮು ನಮ್ಮ ಮನೆ ಅಟ್ಟದ ಮೇಲಿವೆ, ಇಲಿ ಬರದಂತೆ ಅಪ್ಪನೇ ಕಾಯ್ತಿದ್ದಾರೆ.